ಘಟ್ಟ ಇಳಿದು ಕಡಲಿಗೆ: ಟಿಟಿ ಟ್ರಿಪ್ ಬಗ್ಗೆ ಫಾರ್ವರ್ಡ್‌ಗಳು ಹೇಳದ ವಿಷಯಗಳು

ಮೂರು ದಿನ ರಜೆ ಒಟ್ಟಿಗೆ ಸಿಕ್ಕಿದರೆ ಸಾಕು, ಫ್ಯಾಮಿಲಿ ಗ್ರೂಪ್‌ನಲ್ಲಿ ಎರಡು ಬಗೆಯ ಮೆಸೇಜ್ ಶುರುವಾಗುತ್ತವೆ. ಒಂದು, ಮಂಜು ಮುಸುಕಿದ ಘಾಟಿಯ ವಿಡಿಯೊ. ಅದರ ಕೆಳಗೆ "ಒಂದು ಟಿಟಿ ಮಾಡ್ಕೊಂಡು ಹೋಗೋಣ್ವಾ?" ಎಂಬ ಪ್ರಶ್ನೆ. ಇನ್ನೊಂದು, ಸಲಹೆಗಳ ಪಟ್ಟಿ. "ವಾಂತಿ ಬಾರದಿರಲು ಹೊಟ್ಟೆಗೆ ನ್ಯೂಸ್ ಪೇಪರ್ ಕಟ್ಟಿಕೊಳ್ಳಿ." "ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ." "ಇಂಬಳ ಕಚ್ಚಿದರೆ ಬೆಂಕಿಕಡ್ಡಿ ಗೀರಿ ತೋರಿಸಿ." "ಸಮುದ್ರದಲ್ಲಿ ಅಲೆ ಇಲ್ಲದ ಜಾಗ ನೋಡಿ ಇಳಿಯಿರಿ." ಕೊನೆಯಲ್ಲಿ ತಪ್ಪದೆ, "ನಿಮ್ಮವರಿಗೆಲ್ಲ ಶೇರ್ ಮಾಡಿ."

ಈ ನಾಲ್ಕರಲ್ಲಿ ಮೊದಲನೆಯದರಿಂದ ನಷ್ಟವಿಲ್ಲ, ಲಾಭವೂ ಇಲ್ಲ. ಮೂರನೆಯದು ತಪ್ಪು. ಎರಡನೆಯದು ಮತ್ತು ನಾಲ್ಕನೆಯದು ಜೀವ ತೆಗೆಯಬಲ್ಲವು.

ಹತ್ತು-ಹನ್ನೆರಡು ಜನ ಸೇರಿ ಬೆಂಗಳೂರಿನಿಂದ ಹೊರಟು, ಹಾಸನ, ಮೂಡಿಗೆರೆ ದಾಟಿ, ಚಾರ್ಮಾಡಿ ಅಥವಾ ಆಗುಂಬೆ ಇಳಿದು, ಉಡುಪಿ, ಮುರುಡೇಶ್ವರ, ಗೋಕರ್ಣ ನೋಡಿ ಬರುವುದು ನಮ್ಮಲ್ಲಿ ತುಂಬಾ ಜನಪ್ರಿಯ ಪ್ರವಾಸ. ಇದನ್ನು ಮಾಡಬೇಡಿ ಎಂದು ಹೇಳಲು ಈ ಲೇಖನವಲ್ಲ. ಆದರೆ ಬೆಟ್ಟ ಮತ್ತು ಕಡಲು ಎರಡಕ್ಕೂ ಒಂದು ಸಾಮಾನ್ಯ ಗುಣವಿದೆ: ಅಪಾಯ ಶುರುವಾಗುವುದು ನಮಗೆ ಕಾಣದ ಕಡೆ. ಮೇಲಿನ ಕಾಡಿನಲ್ಲಿ ಸುರಿದ ಮಳೆ ಕೆಳಗಿನ ಜಲಪಾತಕ್ಕೆ ಬರುತ್ತದೆ. ಚಕ್ರದೊಳಗೆ ಕಾದ ಬ್ರೇಕ್ ಸೀಟಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಹಿಂದಿನ ರಾತ್ರಿ ಡ್ರೈವರ್ ಮಲಗಿದ್ದರೋ ಇಲ್ಲವೋ ನಾವು ಕೇಳುವುದಿಲ್ಲ. ಹಾಗಾಗಿ ಕಾಣದ್ದನ್ನು ಹೇಗೆ ಊಹಿಸುವುದು ಎಂಬುದನ್ನು ಒಂದೊಂದಾಗಿ ನೋಡೋಣ.

ರಾತ್ರಿ ಹನ್ನೊಂದಕ್ಕೆ ಹೊರಡುವ ಲೆಕ್ಕಾಚಾರ

ಟ್ರಿಪ್ ಪ್ಲಾನ್ ಮಾಡುವಾಗ ನಾವೆಲ್ಲ ಮಾಡುವ ಲೆಕ್ಕ ಒಂದೇ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಹೊರಟರೆ ಬೆಳಿಗ್ಗೆ ಅಲ್ಲಿರಬಹುದು, ಒಂದು ದಿನದ ರೂಮ್ ಬಾಡಿಗೆಯೂ ಉಳಿಯುತ್ತದೆ. ಈ ಲೆಕ್ಕದಲ್ಲಿ ಎಲ್ಲರ ನಿದ್ದೆಗೂ ಜಾಗವಿದೆ, ಒಬ್ಬರದ್ದನ್ನು ಬಿಟ್ಟು.

ನಾವು ಹನ್ನೊಂದು ಜನ ಹೋದಾಗಲೂ ಹೀಗೇ ಆಯಿತು. ನಸುಕಿನ ನಾಲ್ಕರ ಸುಮಾರಿಗೆ ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಡ್ರೈವರ್ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದರು. "ಏನಣ್ಣಾ, ನಿದ್ದೆ ಬರ್ತಿದೆಯಾ?" ಎಂದು ಕೇಳಿದೆ. "ಇಲ್ಲ ಮೇಡಂ, ನಮಗೆ ಅಭ್ಯಾಸ ಆಗಿದೆ" ಎಂದರು. ಪಕ್ಕದಲ್ಲಿದ್ದ ನಮ್ಮ ಚಿಕ್ಕಪ್ಪ ಮಾತ್ರ ಬಿಡಲಿಲ್ಲ. "ನಿನ್ನೆ ಎಲ್ಲಿಗೆ ಹೋಗಿದ್ದೆಯಪ್ಪಾ?" ಎಂದು ಕೇಳಿದರು. ಹಿಂದಿನ ದಿನವಿಡೀ ಮದುವೆ ದಿಬ್ಬಣದ ಬಾಡಿಗೆ ಮುಗಿಸಿ, ಸಂಜೆ ಮನೆಗೂ ಹೋಗದೆ ನೇರವಾಗಿ ನಮ್ಮನ್ನು ಹತ್ತಿಸಿಕೊಂಡಿದ್ದರು. ಎದುರಿಗೆ ಚಾರ್ಮಾಡಿ ಘಾಟಿ ಇತ್ತು, ಮಂಜೂ ಇತ್ತು. "ಬೆಳಕು ಹರಿಯಲಿ, ಅರ್ಧ ಗಂಟೆ ಮಲಗು" ಎಂದು ಚಿಕ್ಕಪ್ಪ ಅವರನ್ನು ಹಿಂದಿನ ಸೀಟಿಗೆ ಕಳುಹಿಸಿದರು. ಅವರು ಎರಡು ಗಂಟೆ ಎಚ್ಚರವಿಲ್ಲದೆ ಮಲಗಿದರು. ಅಷ್ಟು ನಿದ್ದೆ ಬಾಕಿ ಇಟ್ಟುಕೊಂಡ ಮನುಷ್ಯ ನಮ್ಮನ್ನು ಆ ಕತ್ತಲಲ್ಲಿ ಘಾಟಿ ಇಳಿಸಲು ಹೊರಟಿದ್ದರು. ನಮಗೆ ಏನೂ ಆಗಲಿಲ್ಲ. ಆದರೆ ಚಿಕ್ಕಪ್ಪ ಆ ಒಂದು ಪ್ರಶ್ನೆ ಕೇಳದಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ನಮ್ಮ ದೇಹಕ್ಕೆ ಒಳಗೊಂದು ಗಡಿಯಾರವಿದೆ. ರಾತ್ರಿ ಸುಮಾರು ಎರಡರಿಂದ ಬೆಳಗಿನ ಆರರವರೆಗೆ ಅದು ನಿದ್ದೆಯ ಕಡೆಗೆ ಜೋರಾಗಿ ಎಳೆಯುತ್ತದೆ. ಆಗ ಕೆಲವೇ ಸೆಕೆಂಡುಗಳ ಚುಟುಕು ನಿದ್ದೆ ಬರಬಹುದು, ಕೆಲವೊಮ್ಮೆ ಕಣ್ಣು ತೆರೆದೇ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಎಂದರೆ 50 ಮೀಟರ್. ಘಾಟಿಯಲ್ಲಿ ಅಷ್ಟು ದೂರ ನೇರ ರಸ್ತೆ ಸಿಗುವುದೇ ಅಪರೂಪ.

ಕಿಟಕಿ ತೆರೆಯುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಹಾಕುವುದು ಇವೆಲ್ಲ ಕೆಲವು ನಿಮಿಷದ ಆಟ. ಕಾಫಿ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಅದರ ಪರಿಣಾಮ ಶುರುವಾಗಲು ಸುಮಾರು ಅರ್ಧ ಗಂಟೆ ಬೇಕು. ನಿದ್ದೆಗೆ ಮದ್ದು ನಿದ್ದೆಯೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಚಾಲಕರಿಗೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂಬ ಮಿತಿ ಹಾಕಿತ್ತು. ಸಂಸಾರ ನಡೆಸಲು ಬಾಡಿಗೆ ಬಿಡಲಾಗದ ಡ್ರೈವರ್‌ಗೆ ಆ ಮಿತಿ ಕಾಗದದಲ್ಲೇ ಉಳಿಯುತ್ತದೆ. ಅದನ್ನು ಪಾಲಿಸುವಂತೆ ಮಾಡಬಲ್ಲವರು ಬುಕ್ ಮಾಡುವ ನಾವು.

ಬುಕ್ ಮಾಡುವಾಗ ಇನ್ನೊಂದು ವಿಷಯ ನೋಡಿ: ನಂಬರ್ ಪ್ಲೇಟ್. ಬಾಡಿಗೆಗೆ ಓಡುವ ವಾಹನಕ್ಕೆ ಹಳದಿ ಬೋರ್ಡ್ ಇರಬೇಕು. ಪರಿಚಯದವರ ಬಿಳಿ ಬೋರ್ಡ್ ಗಾಡಿ ಕಡಿಮೆ ದುಡ್ಡಿಗೆ ಸಿಗಬಹುದು, ಆದರೆ ಅದನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಪಘಾತವಾದರೆ ವಿಮೆ ಕಂಪನಿ ಹಣ ಕೊಡಲು ತಕರಾರು ತೆಗೆಯಬಹುದು. ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಫಿಟ್‌ನೆಸ್, ವಿಮೆ ಯಾವಾಗಿನವರೆಗೆ ಇದೆ ಎಂದು ತಿಳಿಯುತ್ತದೆ.

ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ?

ಇಲ್ಲ. ಇಂದಿನ ಎಂಜಿನ್‌ಗಳಲ್ಲಿ ಲೆಕ್ಕ ಉಲ್ಟಾ. ಗೇರ್‌ನಲ್ಲಿ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಉರುಳುವ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ, ಇಂಧನ ಪೂರೈಕೆ ನಿಲ್ಲುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆಫ್ ಆಗದಂತೆ ನೋಡಿಕೊಳ್ಳಲು ಇಂಧನ ಸುಡಲೇಬೇಕು.

ಇದಕ್ಕಿಂತ ಮುಖ್ಯವಾದದ್ದು ಬ್ರೇಕ್. ಒಂದು ಸಣ್ಣ ಲೆಕ್ಕ ಮಾಡೋಣ. ಜನ, ಲಗೇಜ್ ಸೇರಿ ಟಿಟಿಯ ತೂಕ 4 ಟನ್ ಎಂದುಕೊಳ್ಳಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಅದು ಅರ್ಧ ಕಿಲೋಮೀಟರ್‌ನಷ್ಟು ಎತ್ತರವನ್ನು ಕಳೆದುಕೊಳ್ಳುತ್ತದೆ. ಆ ಎತ್ತರದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಎಲ್ಲವೂ ಬ್ರೇಕ್‌ಗೆ ಹೋದರೆ, ಅಲ್ಲಿ ಹುಟ್ಟುವ ಬಿಸಿ ಸುಮಾರು 60 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಇದನ್ನು ನಾಲ್ಕು ಚಕ್ರಗಳ ಒಳಗಿರುವ ಕೆಲವೇ ಕಿಲೋ ಲೋಹ ಮತ್ತು ಲೈನರ್‌ಗಳು ತಡೆದುಕೊಳ್ಳಬೇಕು.

ಬ್ರೇಕ್ ತೀರಾ ಕಾದರೆ ಲೈನರ್‌ನ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಕುದಿದು ಅದರಲ್ಲಿ ಗುಳ್ಳೆ ಎದ್ದರೆ ಪೆಡಲ್ ಒತ್ತಿದರೂ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. "ಬ್ರೇಕ್ ಫೇಲ್" ಎಂದು ನಾವು ಓದುವ ಎಷ್ಟೋ ಘಾಟಿ ಅಪಘಾತಗಳ ಹಿಂದೆ ಇರುವುದು ಇದು. ತುಂಡಾದ ಭಾಗ ಏನೂ ಇರಬೇಕಾಗಿಲ್ಲ.

ಪರಿಹಾರ ಹಳೆಯ ಲಾರಿ ಡ್ರೈವರ್‌ಗಳ ಮಾತಿನಲ್ಲೇ ಇದೆ: ಹತ್ತಿದ ಗೇರ್‌ನಲ್ಲೇ ಇಳಿ. ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಎಂಜಿನ್ ತಾನೇ ವೇಗ ಹಿಡಿದಿಡುತ್ತದೆ, ಬ್ರೇಕ್ ತಿರುವಿಗೆ ಮಾತ್ರ ಉಳಿಯುತ್ತದೆ. ಪ್ರಯಾಣಿಕರಾದ ನಾವು ಗಮನಿಸಬೇಕಾದ ಸೂಚನೆಗಳೂ ಇವೆ. ರಬ್ಬರ್ ಸುಟ್ಟಂಥ ವಾಸನೆ, ಚಕ್ರದಿಂದ ಹೊಗೆ, ಅಥವಾ ಡ್ರೈವರ್ ಪೆಡಲನ್ನು ಪದೇ ಪದೇ ಪಂಪ್ ಮಾಡುವುದು ಕಂಡರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ, ಬಿಸಿ ಲೋಹ ಬಿರುಕು ಬಿಡಬಹುದು.

ಇನ್ನೊಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ಕಿರಿದಾದ ಘಾಟಿ ರಸ್ತೆಯಲ್ಲಿ ಎದುರುಬದುರಾದಾಗ ಹತ್ತುವ ವಾಹನಕ್ಕೆ ಮೊದಲ ಹಕ್ಕು. ಇಳಿಯುವವರು ನಿಂತು ದಾರಿ ಬಿಡಬೇಕು.

ತಿರುವಿನಲ್ಲಿ ವಾಂತಿ ಏಕೆ?

ನಮ್ಮ ಒಳಗಿವಿಯಲ್ಲಿ ದೇಹದ ಚಲನೆಯನ್ನು ಅಳೆಯುವ ದ್ರವ ತುಂಬಿದ ನಾಳಗಳಿವೆ. ಗಾಡಿ ತಿರುಗಿದಾಗ ಅವು ಮೆದುಳಿಗೆ "ತಿರುಗುತ್ತಿದ್ದೇವೆ" ಎನ್ನುತ್ತವೆ. ಮೊಬೈಲ್ ನೋಡುತ್ತಿರುವ ಕಣ್ಣು "ಕದಲದೆ ಕುಳಿತಿದ್ದೇವೆ" ಎನ್ನುತ್ತದೆ. ಈ ಎರಡು ವರದಿಗಳು ತಾಳೆಯಾಗದಿದ್ದಾಗ ತಲೆಸುತ್ತು, ವಾಕರಿಕೆ ಬರುತ್ತದೆ. ಡ್ರೈವರ್‌ಗೆ ವಾಂತಿ ಬರುವುದು ಅಪರೂಪ. ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತಿರುತ್ತದೆ.

ಹೊಟ್ಟೆಗೆ ಕಟ್ಟಿದ ಪೇಪರ್‌ಗೂ ಕಿವಿಗೂ ಸಂಬಂಧವಿಲ್ಲ. ನಿಂಬೆಹಣ್ಣು ಮೂಸುವುದರಿಂದ ಕೆಲವರಿಗೆ ಹಿತವೆನಿಸಬಹುದು, ಮೂಲ ಕಾರಣ ಅದರಿಂದ ಹೋಗುವುದಿಲ್ಲ. ಕೆಲಸ ಮಾಡುವುದು ಇವು: ಮುಂದಿನ ಸೀಟು, ದೂರದ ರಸ್ತೆಯ ಮೇಲೆ ಕಣ್ಣು, ತಲೆಯನ್ನು ಸೀಟಿಗೆ ಒರಗಿಸಿಡುವುದು, ಲಘು ತಿಂಡಿ, ಮೊಬೈಲ್ ಚೀಲದೊಳಗೆ. ಮಾತ್ರೆ ಬೇಕಿದ್ದರೆ ಘಾಟಿ ಶುರುವಾಗುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ಉಳಿಯುವುದೇ ಕಷ್ಟ. ಈ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ. ಆದ್ದರಿಂದ ಗಾಡಿ ಓಡಿಸುವವರು ತೆಗೆದುಕೊಳ್ಳಲೇಬಾರದು. ಚಿಕ್ಕ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಡಾಕ್ಟರನ್ನು ಕೇಳದೆ ಕೊಡಬಾರದು.

ಗುಡ್ಡ ಏಕೆ ಕುಸಿಯುತ್ತದೆ?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಅಲ್ಲಿ ಒಂದು ಟೀ ಅಂಗಡಿ ಇತ್ತು, ಲಾರಿಗಳು ನಿಲ್ಲುವ ಜಾಗವಿತ್ತು. ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಯವರೆಗೂ ಹೋಯಿತು. ಒಬ್ಬ ಲಾರಿ ಚಾಲಕರ ದೇಹ ಎರಡು ತಿಂಗಳು ದಾಟಿದ ಮೇಲೆ ನದಿಯಲ್ಲಿ ಸಿಕ್ಕಿತು. ಸತ್ತವರಲ್ಲಿ ಯಾರೂ ಸಾಹಸಕ್ಕೆ ಹೋದವರಲ್ಲ. ಅವರು ಟೀ ಮಾರುತ್ತಿದ್ದರು, ಟೀ ಕುಡಿಯುತ್ತಿದ್ದರು, ಲಾರಿಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು.

ಕರಾವಳಿ ಮತ್ತು ಘಟ್ಟದ ತಪ್ಪಲಲ್ಲಿ ಮೇಲಿನ ಪದರ ಕೆಂಪು ಮುರಕಲ್ಲು. ಹಲವು ಕಡೆ ಅದರ ಕೆಳಗೆ ಮೆತ್ತನೆಯ ಜೇಡಿಯಂಥ ಪದರವಿದೆ, ಸ್ಥಳೀಯರು ಅದಕ್ಕೆ ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಅದು ಗಟ್ಟಿ. ನೀರು ತುಂಬಿದರೆ ಬಲ ಕಳೆದುಕೊಳ್ಳುತ್ತದೆ. ರಸ್ತೆಗಾಗಿ ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದಾಗ ಮೇಲಿನ ಭಾರಕ್ಕೆ ಆಧಾರವೂ ಇರುವುದಿಲ್ಲ. ಹಲವು ದಿನಗಳ ಮಳೆ ಒಳಗೆ ಇಳಿದು ಕೂತಿರುತ್ತದೆ. ಹಾಗಾಗಿ "ಇವತ್ತು ಬಿಸಿಲು ಬಂದಿದೆ, ಇನ್ನೇನೂ ಆಗಲ್ಲ" ಎಂಬುದು ತಪ್ಪು ಲೆಕ್ಕ. ಮಳೆ ನಿಂತ ಮೇಲೂ ಗುಡ್ಡ ಕುಸಿಯಬಹುದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಕುಸಿದು ರಸ್ತೆ ಬಂದ್ ಆದಾಗ ವಾಹನ ಸಂಚಾರ ಮೊದಲಿನಂತಾಗಲು ತಿಂಗಳುಗಳೇ ಬೇಕಾದವು.

ಹವಾಮಾನ ಇಲಾಖೆಯ ಬಣ್ಣಗಳನ್ನು ಹೀಗೆ ಓದಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಅದು ಭಾರೀ ಮಳೆ. 115.6 ದಾಟಿದರೆ ಅತಿ ಭಾರೀ. 204.5 ಮುಟ್ಟಿದರೆ ಅತ್ಯಂತ ಭಾರೀ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. "ಕಳೆದ ಸಲ ರೆಡ್ ಅಲರ್ಟ್ ಇತ್ತು, ಮಳೆಯೇ ಬರಲಿಲ್ಲ" ಎಂದು ನಗುವವರಿದ್ದಾರೆ. ಎಚ್ಚರಿಕೆ ಇಡೀ ಜಿಲ್ಲೆಗೆ ಇರುತ್ತದೆ. ನಿಮ್ಮ ಹೋಟೆಲ್ ಮುಂದೆ ಬಿಸಿಲಿದ್ದರೂ ಮೂವತ್ತು ಕಿ.ಮೀ. ಆಚೆಯ ಘಾಟಿಯಲ್ಲಿ ಸುರಿಯುತ್ತಿರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಬಯಲುಸೀಮೆಯ ಅನೇಕ ಊರುಗಳ ಹತ್ತು ವರ್ಷದ ಮಳೆ ಅದು.

ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಫೋಟೊಗೆ ನಿಲ್ಲಿಸಬೇಡಿ. ಮರ ಅಥವಾ ಕಂಬ ಹೊಸದಾಗಿ ವಾಲಿದ್ದರೆ, ರಸ್ತೆಯಲ್ಲಿ ಬಿರುಕು ಕಂಡರೆ, ಸಣ್ಣ ಕಲ್ಲುಗಳು ಉದುರುತ್ತಿದ್ದರೆ ನಿಲ್ಲದೆ ಅಲ್ಲಿಂದ ದೂರ ಸರಿಯಿರಿ.

ಜಲಪಾತದ ನೀರು ಕೆಂಪಾದರೆ

2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳಾದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದವರು ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಐವರು ಸತ್ತರು. ಅವರು ನಿಂತಿದ್ದ ಬಂಡೆಗೆ ಬರುವಾಗ ನೀರು ಅಷ್ಟಿರಲಿಲ್ಲ.

ಜಲಪಾತಕ್ಕೆ ಬರುವ ನೀರು ಮೇಲಿನ ಇಡೀ ಕಾಡಿನಿಂದ ಬರುತ್ತದೆ. ಅಲ್ಲಿ ಜೋರು ಮಳೆಯಾದರೆ ಕೆಳಗೆ ಹನಿ ಬೀಳದಿದ್ದರೂ ಕೆಲವೇ ನಿಮಿಷದಲ್ಲಿ ನೀರು ಏರಬಹುದು. ಮುನ್ಸೂಚನೆ ಮೂರು: ತಿಳಿಯಾಗಿದ್ದ ನೀರು ಕೆಂಪಾಗುವುದು, ಎಲೆ-ಕಡ್ಡಿ ತೇಲಿ ಬರುವುದು, ಸದ್ದು ಬದಲಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಮಾನು ಬಿಟ್ಟು ದಡ ಹತ್ತಿ. ಹರಿಯುವ ನೀರು 15 ಸೆಂ.ಮೀ. ಇದ್ದರೂ ವಯಸ್ಕರ ಕಾಲು ಜಾರಿಸಬಲ್ಲದು. 30 ಸೆಂ.ಮೀ. ನೀರು ಚಿಕ್ಕ ಕಾರನ್ನು ಎತ್ತಿ ತೇಲಿಸಬಲ್ಲದು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಅದರ ಕೆಳಗೆ ರಸ್ತೆ ಇನ್ನೂ ಇದೆ ಎಂಬ ಖಾತರಿಯೂ ಇಲ್ಲ.

ಇಂಬಳಕ್ಕೆ ಹೆದರುತ್ತೇವೆ, ಉಣುಗನ್ನು ಮರೆಯುತ್ತೇವೆ

ಇಂಬಳ ನೋಡಲು ಅಸಹ್ಯ, ಆದರೆ ಬಹುಮಟ್ಟಿಗೆ ನಿರುಪದ್ರವಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವನ್ನು ಅದು ಗಾಯಕ್ಕೆ ಬಿಡುವುದರಿಂದ ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ. ಬೆಂಕಿ ತಾಗಿಸಿದರೆ ಅಥವಾ ಉಪ್ಪು ಹಾಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕಬಹುದು, ಸೋಂಕಾಗಬಹುದು. ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿ ಬಿಡಿಸಿ, ಸೋಪಿನಲ್ಲಿ ತೊಳೆದು ಒತ್ತಿ ಹಿಡಿಯಿರಿ.

ಎಚ್ಚರ ಬೇಕಾದ್ದು ಕಣ್ಣಿಗೆ ಸರಿಯಾಗಿ ಕಾಣದ ಉಣುಗಿನ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೆ, ಅಂದರೆ ಪ್ರವಾಸದ ಒಳ್ಳೆಯ ಕಾಲ ಎಂದು ನಾವು ಭಾವಿಸುವ ತಿಂಗಳುಗಳಲ್ಲೇ ಕಾಣಿಸಿಕೊಳ್ಳುತ್ತದೆ. ಕಾಡಿನ ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗದ ಹತ್ತಿರ ಹೋಗಬೇಡಿ. ಊರಿಗೆ ಬಂದ ಮೇಲೆ ಜ್ವರ ಬಂದರೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂದು ಡಾಕ್ಟರ್‌ಗೆ ಹೇಳಿ. ಬೆಂಗಳೂರಿನ ಡಾಕ್ಟರ್ ಅದನ್ನು ತಾವಾಗಿ ಊಹಿಸಲಾರರು.

ಅಲೆ ಇಲ್ಲದ ಜಾಗವೇ ಸೆಳೆಯುವ ಜಾಗ

ಈಗ ಕಡಲಿಗೆ ಬರೋಣ. ಇಡೀ ಪ್ರವಾಸದಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಆದರೆ ಘಾಟಿಯಲ್ಲಿ ಹೆದರಿ ಕೂತವರೆಲ್ಲ ಇಲ್ಲಿ ಹಗುರಾಗುತ್ತಾರೆ.

ದಡಕ್ಕೆ ಅಪ್ಪಳಿಸಿದ ಅಲೆಗಳ ನೀರು ಹಿಂದಕ್ಕೆ ಹೋಗಬೇಕು. ಮರಳಿನ ದಿಬ್ಬಗಳ ನಡುವೆ ಎಲ್ಲಿ ಆಳವಾದ ಕಾಲುವೆ ಇದೆಯೋ ಅಲ್ಲಿ ಅದು ಒಟ್ಟಾಗಿ ಹರಿಯುತ್ತದೆ. ಇದನ್ನು ರಿಪ್ ಕರೆಂಟ್, ಅಂದರೆ ಹಿಂಸೆಳೆತ ಎನ್ನಬಹುದು. ಆಳವಿರುವ ಕಡೆ ಅಲೆ ಒಡೆಯುವುದಿಲ್ಲ. ಹಾಗಾಗಿ ಎರಡು ಕಡೆ ಬಿಳಿ ನೊರೆ, ನಡುವೆ ಶಾಂತವಾಗಿ ಕಾಣುವ ಗಾಢ ಬಣ್ಣದ ಪಟ್ಟಿ ಇದ್ದರೆ ಅದೇ ಸೆಳೆತ. ಫಾರ್ವರ್ಡ್ ನಮ್ಮನ್ನು ಇಳಿಯಲು ಹೇಳುವುದು ಸರಿಯಾಗಿ ಆ ಜಾಗಕ್ಕೇ.

ಅದು ಒಳಕ್ಕೆ ಎಳೆದು ಮುಳುಗಿಸುತ್ತದೆ ಎಂಬುದೂ ತಪ್ಪು. ಅದು ದಡದಿಂದ ದೂರ ಒಯ್ಯುತ್ತದೆ, ಅಷ್ಟೆ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟಬಹುದು. 100 ಮೀಟರ್ ಈಜಿನ ವಿಶ್ವ ದಾಖಲೆಯ ವೇಗವೇ ಹೆಚ್ಚುಕಡಿಮೆ ಅಷ್ಟು. ಹಾಗಾಗಿ ಎದುರು ಈಜಿದವರು ಸುಸ್ತಾಗಿ ಮುಳುಗುತ್ತಾರೆ. ಸಿಕ್ಕಿಬಿದ್ದರೆ ಮೊದಲು ಅಂಗಾತ ತೇಲಿ, ಕೈ ಎತ್ತಿ ಕರೆಯಿರಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಜಾಗ ತಲುಪಿದ ಮೇಲೆ ದಡದ ಕಡೆ ತಿರುಗಿ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಅದು ಮಳೆಗಾಲವಲ್ಲ. ಮಳೆಗಾಲದಲ್ಲಂತೂ ಕಡಲು ಬೇರೆಯೇ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದರ ಮುಖ್ಯ ಉದ್ದೇಶ ಮೀನಿನ ಸಂತಾನ ಉಳಿಸುವುದು. ಆದರೆ ನಾಡದೋಣಿಯವರೂ ಆ ದಿನಗಳಲ್ಲಿ ಕಡಲಿನ ಮುಖ ನೋಡಿಯೇ ಇಳಿಯುತ್ತಾರೆ. ಹುಟ್ಟಿನಿಂದ ಕಡಲು ಕಂಡವರು ಹಿಂಜರಿಯುವಾಗ ಬಯಲುಸೀಮೆಯ ನಾವು ಮೊಣಕಾಲುದ್ದ ನೀರಿಗೆ ಧೈರ್ಯವಾಗಿ ಇಳಿಯುತ್ತೇವೆ.

ಮಳೆ-ಗಾಳಿ ಇಲ್ಲದ ದಿನವೂ ದೊಡ್ಡ ಅಲೆ ಬರಬಹುದು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿ.ಮೀ. ದಾಟಿ ದಿನಗಳ ನಂತರ ನಮ್ಮ ಕರಾವಳಿ ಮುಟ್ಟುತ್ತವೆ. ಕೇರಳದಲ್ಲಿ ಇದಕ್ಕೆ "ಕಳ್ಳಕ್ಕಡಲ್" ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು ಎಂದರ್ಥ. ಹೈದರಾಬಾದ್‌ನಲ್ಲಿರುವ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ದಡದಲ್ಲಿ ನಮಗೆ ಅದನ್ನು ತಿಳಿಸುವವರು ಲೈಫ್‌ಗಾರ್ಡ್. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಅವರು ಕಾಯುವ ಜಾಗ. ಬರೀ ಕೆಂಪು ಬಾವುಟವಿದ್ದರೆ ಇಳಿಯಬೇಡಿ. ಯಾರೂ ಇಲ್ಲದ ಸುಂದರ ಬೀಚ್ ಎಂದರೆ ಕಾಯುವವರೂ ಇಲ್ಲದ ಬೀಚ್.

ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಬದುಕುತ್ತಾರೆಯೇ?

ಇಲ್ಲ, ಖಂಡಿತ ಇಲ್ಲ. ಈ ಫಾರ್ವರ್ಡ್ ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮುಳುಗಿದ ಮಕ್ಕಳ ದೇಹವನ್ನು ಉಪ್ಪಿನ ರಾಶಿಯಲ್ಲಿಟ್ಟು ಮನೆಯವರು ಗಂಟೆಗಟ್ಟಲೆ ಕಾದರು. ಮಕ್ಕಳು ಏಳಲಿಲ್ಲ. ಆ ತಂದೆತಾಯಿಯನ್ನು ದೂರುವುದು ಸುಲಭ. ಆ ಮೆಸೇಜನ್ನು ಅವರವರೆಗೆ ತಲುಪಿಸಿದ್ದು ಸಾವಿರಾರು ಜನರ ಒಂದೊಂದು ಬೆರಳು.

ಮುಳುಗಿದವರಿಗೆ ಕೊರತೆಯಾಗಿರುವುದು ಆಮ್ಲಜನಕ. ಅದಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಉಪ್ಪು ಆಮ್ಲಜನಕ ಕೊಡುವುದಿಲ್ಲ. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಸಹ ಸಮಯ ಹಾಳು. ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ.

ಸರಿಯಾದ ಕ್ರಮ ಹೀಗೆ. ಉಸಿರಾಟ ಇದೆಯೇ ನೋಡಿ, ಒಬ್ಬರು 112ಕ್ಕೆ ಕರೆ ಮಾಡಲಿ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ಮಧ್ಯ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ, ಮತ್ತೆ ಎರಡು ಉಸಿರು. ಮಕ್ಕಳಿಗಾದರೆ ಒತ್ತುವ ಆಳ ಸ್ವಲ್ಪ ಕಡಿಮೆ ಇರಲಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ.

ಮುಳುಗುವವರು ಸಿನಿಮಾದಂತೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗಲು ಉಸಿರೇ ಇರುವುದಿಲ್ಲ. ಸದ್ದಿಲ್ಲದೆ, ಎದುರಿಗೇ ಮುಳುಗುತ್ತಾರೆ. ಅವರನ್ನು ಉಳಿಸಲು ಹಾರಿದವರೂ ಸಾಯುವುದು ಸಾಮಾನ್ಯ. ಹಗ್ಗ, ಟ್ಯೂಬ್, ಖಾಲಿ ಕ್ಯಾನ್, ಏನು ಸಿಕ್ಕರೂ ಎಸೆಯಿರಿ.

ಹನ್ನೆರಡು ಜನರಲ್ಲಿ "ಬೇಡ" ಎನ್ನುವವರು ಯಾರು?

ನಾನು ಓದಿದ್ದು ಸಂವಹನ. ಹಾಗಾಗಿ ಈ ಪ್ರಶ್ನೆ ನನಗೆ ಬ್ರೇಕ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಗುಂಪಿನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ವಿಚಾರಿಸಿರುತ್ತಾರೆ ಎಂದುಕೊಳ್ಳುತ್ತಾರೆ. ಮಕ್ಕಳನ್ನು ಎಲ್ಲರೂ ನೋಡುತ್ತಿದ್ದಾರೆ ಎಂದರೆ ಹಲವು ಸಲ ಯಾರೂ ನೋಡುತ್ತಿಲ್ಲ. ಜೊತೆಗೆ "ಇಷ್ಟು ದೂರ ಬಂದು ನೋಡದೆ ಹೋಗೋದಾ?", "ಅಡ್ವಾನ್ಸ್ ಕೊಟ್ಟಾಗಿದೆ" ಎಂಬ ಮಾತುಗಳು. ಕೊಟ್ಟ ಹಣ ವಾಪಸು ಹೋದರೂ ಬರುವುದಿಲ್ಲ, ಮುಂದೆ ಹೋದರೂ ಬರುವುದಿಲ್ಲ. ರಸ್ತೆ ಸರಿಯಿದೆಯೇ ಎಂಬ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಸಣ್ಣ ಗುಂಪಿಗೆ ಒಂದು ಲಾಭವಿದೆ. ಐವತ್ತು ಜನರ ಬಸ್ಸಿಗಿಂತ ಹನ್ನೆರಡು ಜನರ ಟಿಟಿ ಐದು ನಿಮಿಷದಲ್ಲಿ ಪ್ಲಾನ್ ಬದಲಿಸಬಹುದು. ಹೊರಡುವ ಮೊದಲೇ ಒಂದು ನಿಯಮ ಮಾಡಿಕೊಳ್ಳಿ: ಯಾರಾದರೂ ಒಬ್ಬರು "ಬೇಡ" ಎಂದರೆ ಸಾಕು, ಚರ್ಚೆಯಿಲ್ಲದೆ ಆ ಜಾಗ ಬಿಡುವುದು. ಆ ಮಾತು ಹೇಳಿದವರನ್ನು ಯಾರೂ ಗೇಲಿ ಮಾಡಬಾರದು. ವಾಪಸು ಬರುವ ದಿನಕ್ಕೆ ಅರ್ಧ ದಿನ ಖಾಲಿ ಬಿಡಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಲೇಬೇಕು ಎಂಬ ಆತುರವೇ ಮಂಜಿನಲ್ಲಿ ಓವರ್‌ಟೇಕ್ ಮಾಡಿಸುವುದು.

"ಘಾಟಿ ಬಂದ್" ವಿಡಿಯೊಗಳ ಬಗ್ಗೆಯೂ ಒಂದು ಮಾತು. ಪ್ರತಿ ಮಳೆಗಾಲದಲ್ಲಿ ಹಳೆಯ ಕುಸಿತದ ದೃಶ್ಯಗಳು ಹೊಸ ದಿನಾಂಕ ಹೊತ್ತು ಬರುತ್ತವೆ. ಜಿಲ್ಲಾಡಳಿತದ ಅಥವಾ ಜಿಲ್ಲಾ ಪೊಲೀಸರ ಅಧಿಕೃತ ಪುಟ ನೋಡಿ. ಹಳೆಯ ವಿಡಿಯೊ ಎಂದು ಗೊತ್ತಾದ ಮಾತ್ರಕ್ಕೆ ಇವತ್ತು ರಸ್ತೆ ಸುರಕ್ಷಿತ ಎಂದೂ ಅರ್ಥವಲ್ಲ. ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆದ್ದರಿಂದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ 112ಕ್ಕೆ ಕರೆ ಹೋಗಬಹುದು. ಯಾವ ಟವರೂ ಇಲ್ಲದ ಕಡೆ ಅದೂ ಹೋಗುವುದಿಲ್ಲ.

ಶೇರ್ ಮಾಡಲೇಬೇಕಿದ್ದರೆ ಇದನ್ನು ಮಾಡಿ

- ಬುಕ್ ಮಾಡುವಾಗ ಹಳದಿ ಬೋರ್ಡ್, ಫಿಟ್‌ನೆಸ್, ವಿಮೆ ನೋಡಿ. ಸೀಟಿಗಿಂತ ಹೆಚ್ಚು ಜನ ಬೇಡ. ಬೆಲ್ಟ್ ಇದ್ದರೆ ಹಿಂದೆ ಕುಳಿತವರೂ ಹಾಕಿ.
- ಹತ್ತುವ ಮೊದಲು ಡ್ರೈವರನ್ನು ಕೇಳಿ: "ಅಣ್ಣಾ, ನಿನ್ನೆ ರಾತ್ರಿ ಮಲಗಿದ್ರಾ?" ಅವರಿಗೂ ಊಟ, ಮಲಗಲು ಜಾಗ ನಿಮ್ಮ ಬಜೆಟ್‌ನಲ್ಲಿರಲಿ.
- ಘಾಟಿಯನ್ನು ಹಗಲಲ್ಲಿ, ಗೇರ್‌ನಲ್ಲಿ ಇಳಿಯಿರಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ.
- ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ, ಜಲಪಾತದ ಬಂಡೆಯ ಮೇಲೆ ನಿಲ್ಲಬೇಡಿ. ನೀರು ಕೆಂಪಾದರೆ ಮೇಲೆ ಹತ್ತಿ.
- ಕಡಲಲ್ಲಿ ಶಾಂತವಾಗಿ ಕಾಣುವ ಪಟ್ಟಿಯಿಂದ ದೂರವಿರಿ. ಲೈಫ್‌ಗಾರ್ಡ್ ಬೇಡ ಎಂದರೆ ವಾದಿಸಬೇಡಿ.
- ಒಂದೊಂದು ಮಗುವಿಗೆ ಒಬ್ಬೊಬ್ಬ ದೊಡ್ಡವರನ್ನು ಹೆಸರು ಹೇಳಿ ನೇಮಿಸಿ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಬೇಡ.
- ಮುಳುಗಿದವರಿಗೆ ಉಪ್ಪಲ್ಲ, ಉಸಿರು ಕೊಡಿ.

ನಮ್ಮ ಟ್ರಿಪ್‌ನಲ್ಲಿ ಕೊಟ್ಟಿಗೆಹಾರದ ಆ ಎರಡು ಗಂಟೆಯಿಂದಾಗಿ ಪಟ್ಟಿಯಲ್ಲಿದ್ದ ಒಂದು ಜಲಪಾತ ತಪ್ಪಿತು. ಆಗ ಎಲ್ಲರಿಗೂ ಸ್ವಲ್ಪ ಬೇಸರವಾಯಿತು. ಈಗ ಅದರ ಹೆಸರೂ ಯಾರಿಗೂ ನೆನಪಿಲ್ಲ. ಬಿಸಿ ನೀರುದೋಸೆ ತಿನ್ನುತ್ತಾ ಮಂಜು ಸರಿಯುವುದನ್ನು ನೋಡುತ್ತಾ ಕೂತದ್ದು ಮಾತ್ರ ಎಲ್ಲರಿಗೂ ನೆನಪಿದೆ.